ಸೆಸ್ನಾ 152: ಬಿಸಿಲಲ್ಲಿ ಏರುವಾಗ ಯಾವ ವೇಗ ಹಿಡಿಯಬೇಕು?

ಪ್ರಶ್ನೆ (ವಿದ್ಯಾರ್ಥಿ ಪೈಲಟ್): ಸರ್, ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಿಂದ ಮಧ್ಯಾಹ್ನ 33 ಡಿಗ್ರಿ ಬಿಸಿಲಲ್ಲಿ ಇಬ್ಬರು ಕೂತು ಹೊರಟರೆ ಎರಡು ಸೀಟಿನ ತರಬೇತಿ ವಿಮಾನ ಸೆಸ್ನಾ 152 ಮೇಲೇರಲು ಒದ್ದಾಡುತ್ತದೆ. ಹ್ಯಾಂಡ್‌ಬುಕ್ಕಿನಲ್ಲಿ ವಿ-ಎಕ್ಸ್ (ಕಡಿಮೆ ದೂರದಲ್ಲಿ ಹೆಚ್ಚು ಎತ್ತರ ಕೊಡುವ ವೇಗ) 55, ವಿ-ವೈ (ಕಡಿಮೆ ಸಮಯದಲ್ಲಿ ಹೆಚ್ಚು ಎತ್ತರ ಕೊಡುವ ವೇಗ) 67, ಸಾಮಾನ್ಯ ಕ್ಲೈಂಬ್ 70ರಿಂದ 80 ನಾಟ್ ಅಂತಿದೆ. ಮೂತಿ ಇನ್ನೂ ಸ್ವಲ್ಪ ಎತ್ತಿದರೆ ಬೇಗ ಏರುವುದಿಲ್ಲವೇ? 6500 ಅಡಿಗೆ ಯಾವ ವೇಗ ಸರಿ?

ಉತ್ತರ (ಬೋಧಕ): ಮೂತಿ ಎತ್ತಬೇಡಿ, ಅಲ್ಲೇ ಎಲ್ಲರೂ ಎಡವುವುದು. ಮೊದಲು ಲೆಕ್ಕ ಹಾಕಿ. ಜಕ್ಕೂರು ಸುಮಾರು 3000 ಅಡಿಯಲ್ಲಿದೆ. ಆ ಎತ್ತರಕ್ಕೆ ಸ್ಟ್ಯಾಂಡರ್ಡ್ ಉಷ್ಣಾಂಶ 9 ಡಿಗ್ರಿ. ನಿಮ್ಮಲ್ಲಿ 24 ಡಿಗ್ರಿ ಹೆಚ್ಚು. ಡಿಗ್ರಿಗೆ 120 ಅಡಿಯಂತೆ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ಸಾಂದ್ರತೆಗೆ ತಕ್ಕ ಎತ್ತರ) 5900 ಅಡಿಯ ಹತ್ತಿರ. ಅಂದರೆ ಎಂಜಿನ್ನಿಗೆ ಚಕ್ರ ನೆಲದಲ್ಲಿರುವಾಗಲೇ 5900 ಅಡಿಯ ಗಾಳಿ. ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 715 ಅಡಿ ಏರುವ ವಿಮಾನ ಇಲ್ಲಿ 500ರ ಆಸುಪಾಸಿಗೆ ಇಳಿಯುತ್ತದೆ.

67 ಎಂಬುದು ಸಮುದ್ರಮಟ್ಟದ, 1670 ಪೌಂಡ್ ತೂಕದ ಅಂಕಿ. ಮೇಲೆ ಹೋದಂತೆ ವಿ-ವೈ ಇಳಿಯುತ್ತದೆ: 4000 ಅಡಿಗೆ 65, 10,000ಕ್ಕೆ 61. ಒಬ್ಬರೇ ಹಾರುವಾಗ, ತೂಕ 1500 ಪೌಂಡ್ ಇದ್ದರೆ, ಇನ್ನೂ ಮೂರು ನಾಟ್ ಕಡಿಮೆ.

ಆದರೆ ಒಂದೊಂದು ನಾಟ್‌ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ವಿ-ವೈ ಹತ್ತಿರ, ವೇಗಕ್ಕೆ ತಕ್ಕ ಏರುವ ದರದ ಗ್ರಾಫು ಬಹುತೇಕ ಚಪ್ಪಟೆ. ಐದು ನಾಟ್ ಜಾಸ್ತಿಯಾದರೆ ಏರುವ ದರ ಅಷ್ಟೇನೂ ಇಳಿಯುವುದಿಲ್ಲ. ಎಂಜಿನ್ನಿಗೆ ತಂಪು, ಮುಂದಿನ ನೋಟ, ಕ್ರಮಿಸುವ ದೂರ ಮೂರೂ ಲಾಭ. ಐದು ಕಡಿಮೆಯಾದರೆ ಇಂಡ್ಯೂಸ್ಡ್ ಡ್ರ್ಯಾಗ್ (ರೆಕ್ಕೆ ಎತ್ತುವ ಬಲದ ಜೊತೆಗೇ ಹುಟ್ಟುವ ಎಳೆತ) ಏರಿ, ಶಕ್ತಿಯ ಹೆಚ್ಚಿನ ಪಾಲು ಅದಕ್ಕೆ ಹೋಗುತ್ತದೆ. 55ರಲ್ಲಿ ಎಂಜಿನ್ ನಿಂತರಂತೂ ನೀವು 60ರ ಗ್ಲೈಡ್ ವೇಗಕ್ಕಿಂತ ಕೆಳಗೆ, ಮೂತಿ ಮೇಲೆ. ವಿ-ಎಕ್ಸ್ ಅಡ್ಡಿ ದಾಟುವವರೆಗೆ ಮಾತ್ರ.

ಹಾಗಾಗಿ ಸುರಕ್ಷಿತ ಎತ್ತರ ಸಿಗುವವರೆಗೆ 65, ಅಲ್ಲಿಂದ ಮುಂದೆ 70ರಿಂದ 73. ಬಿಸಿಲಲ್ಲಿ ಅದೇ ಸೂಚಿತ ವೇಗಕ್ಕೆ ನೆಲ ಹೆಚ್ಚು ವೇಗವಾಗಿ ಓಡಿದಂತೆ ಕಾಣುತ್ತದೆ. ಅದನ್ನು ನಂಬಿ ಮೂತಿ ಎತ್ತಿಬಿಡುತ್ತಾರೆ. ಕಣ್ಣು ವೇಗಮಾಪಕದ ಸೂಜಿಯ ಮೇಲಿರಲಿ. ಟ್ರಿಮ್ ಮಾಡಿ (ಕೈ ಒತ್ತಡವಿಲ್ಲದೆ ವೇಗ ನಿಲ್ಲುವಂತೆ ಹೊಂದಿಸಿ), ಬಲ ರಡರ್ ಪೆಡಲ್ ಒತ್ತಿ, ಪಕ್ಕಕ್ಕೆ ಜಾರುವುದನ್ನು ತೋರಿಸುವ ಬಾಲ್ ನಡುವೆ ಇಡಿ. ಪಕ್ಕಕ್ಕೆ ಜಾರುತ್ತಾ ಏರಿದರೆ ಆ ನಷ್ಟ ನಾಲ್ಕು ನಾಟ್ ತಪ್ಪಿಗಿಂತ ದೊಡ್ಡದು. ತಿರುವಿನಲ್ಲಿ ಬ್ಯಾಂಕ್ (ಪಕ್ಕಕ್ಕೆ ವಾಲುವುದು) 15 ಡಿಗ್ರಿ ಸಾಕು.

ಪ್ರಶ್ನೆ: 10 ಡಿಗ್ರಿ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಇಳಿಯುವ ಪಟ್ಟಿ) ಇಟ್ಟುಕೊಂಡೇ ಏರಬಹುದೇ?

ಬೋಧಕ: ರನ್‌ವೇ ಓಟ ಗಿಡ್ಡವಾಗುತ್ತದೆ, ಏರುವುದು ನಿಧಾನವಾಗುತ್ತದೆ. ಅಡ್ಡಿ ದಾಟಿ 60 ನಾಟ್ ಬಂದಮೇಲೆ ತೆಗೆಯಿರಿ.

ವಿಮಾನ ನಿರ್ವಹಣಾ ಎಂಜಿನಿಯರ್: ಒಂದು ಸೇರಿಸುತ್ತೇನೆ. ವೇಗ ಸರಿಯಿದ್ದರೂ ಏರದಿದ್ದರೆ ಮಿಕ್ಸ್ಚರ್ (ಇಂಧನ-ಗಾಳಿ ಮಿಶ್ರಣ) ನೋಡಿ. 3000 ಅಡಿಗಿಂತ ಮೇಲೆ ಫುಲ್ ರಿಚ್ (ಪೂರ್ತಿ ಇಂಧನ) ಬಿಟ್ಟರೆ ಆರ್‌ಪಿಎಂ ಬಿದ್ದುಹೋಗುತ್ತದೆ. ಥ್ರಾಟಲ್ ಪೂರ್ತಿ ತೆರೆದೇ, ಗರಿಷ್ಠ ಆರ್‌ಪಿಎಂ ಸಿಗುವವರೆಗೆ ಮೆಲ್ಲಗೆ ಲೀನ್ ಮಾಡಿ (ಇಂಧನ ತಗ್ಗಿಸಿ). ಕಾರ್ಬ್ಯುರೇಟರ್ ಹೀಟ್ ಹಿಡಿ ಪೂರ್ತಿ ಒಳಗಿದೆಯೇ? ಅರ್ಧ ಹೊರಗಿದ್ದರೂ ಬಿಸಿಗಾಳಿ ಒಳಬಂದು ಶಕ್ತಿ ತಿನ್ನುತ್ತದೆ. ಆಯಿಲ್ ಟೆಂಪರೇಚರ್ ಕೆಂಪು ಗೆರೆಯತ್ತ ಹೋದರೆ ಮೂತಿ ಇಳಿಸಿ 80 ಹಿಡಿಯಿರಿ. ಏರುವುದು ಎರಡು ನಿಮಿಷ ತಡವಾಗಲಿ.

ಪ್ರಶ್ನೆ: ನಮ್ಮ ವಿಮಾನಕ್ಕೆ ಯಾವ ವೇಗ ಅಂತ ಖಚಿತಪಡಿಸುವುದು ಹೇಗೆ?

ಬೋಧಕ: ಗಾಳಿ ಅಲುಗದ ಬೆಳಗ್ಗೆ, ಒಂದೇ ದಿಕ್ಕಿಗೆ, 4000ರಿಂದ 5000 ಅಡಿಗೆ ಮೂರು ಸಲ ಏರಿ: 60, 65, 72. ಪಕ್ಕದಲ್ಲಿ ಕೂತವರು ಸ್ಟಾಪ್‌ವಾಚ್ ಹಿಡಿಯಲಿ. ಮಧ್ಯಾಹ್ನ ಥರ್ಮಲ್ (ಮೇಲೇಳುವ ಬಿಸಿಗಾಳಿ) ಎದ್ದಮೇಲೆ ಅಳೆದರೆ ಆ ಅಂಕಿ ಯಾವುದಕ್ಕೂ ಬಾರದು.