ಪಾಶ್ಚಾತ್ಯ ಮತ್ತು ಜಪಾನೀ ಆರ್‌ಪಿಜಿಗಳನ್ನು ಬೇರ್ಪಡಿಸುವ ಗೆರೆ ಯಾವುದು?

ಪ್ರಶ್ನೆ:
ಆರ್‌ಪಿಜಿಗಳಲ್ಲಿ, ಅಂದರೆ ಒಂದು ಪಾತ್ರವನ್ನು ವಹಿಸಿಕೊಂಡು ಅದನ್ನು ಬೆಳೆಸುತ್ತ ಆಡುವ ವಿಡಿಯೊ ಗೇಮ್‌ಗಳಲ್ಲಿ, ಸರದಿಯಂತೆ ಕಾದಾಡುವ ಆಟಗಳು ಜಪಾನೀ ಶೈಲಿಯವು, ನೇರವಾಗಿ ಕತ್ತಿ ಬೀಸುವಂಥವು ಪಾಶ್ಚಾತ್ಯ ಶೈಲಿಯವು ಎಂಬ ವಿವರಣೆಯನ್ನು ಬಹುಕಾಲದಿಂದ ಕೇಳುತ್ತ ಬಂದಿದ್ದೇನೆ. ಆದರೆ 2023ರಲ್ಲಿ ಬೆಲ್ಜಿಯಂನ ಲಾರಿಯನ್ ಸಂಸ್ಥೆ ಹೊರತಂದ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಕಾಳಗ ನಡೆಯುವುದೇ ಸರದಿಯಂತೆ, ಅದೇ ವರ್ಷದ ‘ಫೈನಲ್ ಫ್ಯಾಂಟಸಿ 16’ರಲ್ಲಿ ಸರದಿಯ ಸುಳಿವೇ ಇಲ್ಲ. ಹಾಗಿದ್ದ ಮೇಲೆ ಗೆರೆಯನ್ನು ಎಲ್ಲಿ ಎಳೆಯಬೇಕು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಕಾಳಗದಲ್ಲಿ ಹುಡುಕಿದರೆ ಆ ಗೆರೆ ಸಿಗದು. ನಾಯಕ ಯಾರ ಸ್ವತ್ತು, ಆಡುವವನದೋ ಕಥೆಗಾರನದೋ, ಎಂಬುದರಲ್ಲಿ ಹುಡುಕಬೇಕು. 1997ರ ‘ಫಾಲ್‌ಔಟ್’ನಲ್ಲಿ ಪಾತ್ರ ಕಟ್ಟುವಾಗ ಬುದ್ಧಿಶಕ್ತಿಯ ಅಂಕವನ್ನು ತೀರಾ ಕಡಿಮೆ ಇಟ್ಟರೆ ಆ ಪಾತ್ರಕ್ಕೆ ಆಟದುದ್ದಕ್ಕೂ ನೆಟ್ಟಗೆ ಮಾತು ಬರುವುದಿಲ್ಲ. ಮಾತಿನಲ್ಲಿ ಚತುರನನ್ನಾಗಿಸಿ, ತಕ್ಕ ಪುರಾವೆಯನ್ನೂ ಕಲೆಹಾಕಿದರೆ, ಕೊನೆಯ ಖಳನಾದ ಮಾಸ್ಟರ್‌ಗೆ ಅವನು ಮನುಷ್ಯರನ್ನು ಮಾರ್ಪಡಿಸಿ ಸೃಷ್ಟಿಸಿದ ರೂಪಾಂತರಿಗಳಿಗೆ ಸಂತಾನವೇ ಆಗದೆಂದು ಮನಗಾಣಿಸಿ, ಅವನ ಮೇಲೆ ಒಂದು ಗುಂಡನ್ನೂ ಹಾರಿಸದೆ, ಅವನೇ ತನ್ನ ಅಂತ್ಯ ತಂದುಕೊಳ್ಳುವಂತೆ ಮಾಡಬಹುದು. ಅದೇ ವರ್ಷದ ‘ಫೈನಲ್ ಫ್ಯಾಂಟಸಿ 7’ರಲ್ಲಿ ನಾಯಕನ ಜೊತೆಗಾರ್ತಿ ಏರಿತ್‌ಳನ್ನು ಎಷ್ಟೇ ಬಲಿಷ್ಠಳನ್ನಾಗಿ ಬೆಳೆಸಿದ್ದರೂ ಅವಳು ಸಾಯುತ್ತಾಳೆ. ಇದನ್ನು ಕೊರತೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ತಪ್ಪಿಸುವ ದಾರಿಯೊಂದು ಇದ್ದಿದ್ದರೆ ಆ ಸಾವು ಇಷ್ಟು ತಟ್ಟುತ್ತಿರಲಿಲ್ಲ.

ಉತ್ತರ 2:
ಮೇಲಿನವರ ಮಾತು ಸರಿ, ಆದರೆ ಹೀಗಾದದ್ದೇಕೆ ಎಂಬುದನ್ನೂ ನೋಡಬೇಕು. 1981ರಲ್ಲಿ ಅಮೆರಿಕದಲ್ಲಿ ಬಂದ ‘ವಿಝರ್ಡ್ರಿ’ ಮತ್ತು ‘ಅಲ್ಟಿಮಾ’ ಆಟಗಳಿಂದ ಪ್ರೇರಣೆ ಪಡೆದೇ ಜಪಾನಿನ ಆಟ ವಿನ್ಯಾಸಕ ಯೂಜಿ ಹೊರಿಯಿ 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ರೂಪಿಸಿದರು. ಕಂಪ್ಯೂಟರಿನಲ್ಲಿ ಆಡುವವನಿಗೆ ಕೀಲಿಮಣೆಯೂ ಫ್ಲಾಪಿಯೂ ಇದ್ದವು. ‘ಡ್ರ್ಯಾಗನ್ ಕ್ವೆಸ್ಟ್’ ಬಂದದ್ದು ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಯಂತ್ರವಾದ ಫ್ಯಾಮಿಕಾಮ್‌ಗೆ. ಅದರಲ್ಲಿ ಆಡುವವನ ಕೈಯಲ್ಲಿ ಬೆರಳೆಣಿಕೆಯ ಗುಂಡಿಗಳು, ಆಟಕ್ಕೆ 64 ಕೆಬಿಯ ಕಾರ್ಟ್ರಿಜ್. ಆಟವನ್ನು ನಿಲ್ಲಿಸಿದಲ್ಲಿಂದ ಮುಂದುವರಿಸಲು 20 ಅಕ್ಷರಗಳ ಸಂಕೇತವನ್ನು ಕಾಗದದಲ್ಲಿ ಗೀಚಿಟ್ಟುಕೊಳ್ಳಬೇಕಿತ್ತು, ಒಂದಕ್ಷರ ತಪ್ಪಿದರೂ ಗಳಿಸಿದ್ದೆಲ್ಲ ನೀರುಪಾಲು. ಆಡುವವನ ಪ್ರತಿಯೊಂದು ಆಯ್ಕೆಯನ್ನೂ ನೆನಪಿಡುವ ಜಗತ್ತನ್ನು ಅಷ್ಟರಲ್ಲಿ ಹಿಡಿಸುವುದೆಂತು? ಅಲ್ಲಿನ ರಾಜಕುಮಾರಿ ಕೇಳಿದ್ದಕ್ಕೆ ‘ಇಲ್ಲ’ ಎಂದರೆ, ‘ಹೌದು’ ಎನ್ನುವವರೆಗೂ ಅದೇ ಪ್ರಶ್ನೆ ಮರಳಿ ಬರುತ್ತದೆ. ಕಥೆಯನ್ನು ಒಂದೇ ಹಳಿಯ ಮೇಲೆ ಓಡಿಸುವ ಈ ಪದ್ಧತಿ ಯಂತ್ರದ ಮಿತಿ ಹೋದ ಮೇಲೂ ಉಳಿಯಿತು, ಜನ ಅದನ್ನು ಮೆಚ್ಚಿದ್ದರಿಂದ.

ಉತ್ತರ 3:
ಮೊದಲ ಉತ್ತರದ ಗೆರೆಯನ್ನೂ ದಾಟಿದವರಿದ್ದಾರೆ. 2011ರ ‘ಡಾರ್ಕ್ ಸೋಲ್ಸ್’ ಜಪಾನಿನದು, ಆದರೆ ಅಲ್ಲಿ ನಾಯಕನ ಮುಖವನ್ನೂ ವೃತ್ತಿಯನ್ನೂ ನಾವೇ ಆರಿಸುತ್ತೇವೆ. ಪೋಲೆಂಡಿನಲ್ಲಿ ತಯಾರಾದ, 2015ರ ‘ವಿಚರ್ 3’ರ ಗೆರಾಲ್ಟ್ ನಾವು ಕಟ್ಟಿದವನಲ್ಲ, ಅವನ ಹಿಂದಿನ ಬದುಕು ಮೊದಲೇ ಬರೆದಿಟ್ಟದ್ದು. ಹಾಗಿದ್ದೂ, ಕುಗ್ಗಿ ಕುಳಿತ ತನ್ನ ಸಾಕುಮಗಳು ಸಿರಿಯನ್ನು ಅವನು ಹಿಮದುಂಡೆಯಾಟಕ್ಕೆ ಕರೆದನೋ, ಕುಡಿಯಲು ಕೂರಿಸಿದನೋ ಎಂಬಂಥ ಚಿಕ್ಕ ನಡೆಗಳು ಸೇರಿಕೊಂಡು ಅವಳ ಅಂತಿಮ ಗತಿಯನ್ನು ನಿರ್ಧರಿಸುತ್ತವೆ. ಆದ್ದರಿಂದ ನಾಯಕ ಯಾರ ಸ್ವತ್ತು ಎನ್ನುವುದಕ್ಕಿಂತ, ಅವನು ಮಾಡಿದ್ದಕ್ಕೆ ಆಟದ ಜಗತ್ತು ಲೆಕ್ಕ ಇಡುತ್ತದೆಯೇ ಎಂದು ಕೇಳುವುದು ಹೆಚ್ಚು ಸರಿಯೆಂದು ನನ್ನ ಅಭಿಪ್ರಾಯ.