ಕಾರ್ಡ್ ಇದ್ದರೂ ಓಲೆ ಅಡವಿಡುವುದು ಯಾಕೆ?

ಪೆರ್ಲದವಳು:
ಪಕ್ಕದ ಮನೆಯ ಅಕ್ಕ ಬೀಡಿ ಕಟ್ಟುತ್ತಾರೆ, ಗಂಡನದ್ದು ಕೂಲಿ ಕೆಲಸ. ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್ ಇದೆ, ಅಂದರೆ ವರ್ಷಕ್ಕೆ ಇಡೀ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಆದರೂ ಗಂಡನ ಹರ್ನಿಯಾ ಆಪರೇಷನ್ನಿಗೆ ಮಂಗಳೂರಿಗೆ ಹೋಗಿ, ಓಲೆ ಅಡವಿಟ್ಟು ಬಿಲ್ ಕಟ್ಟಿದರು. ಕಾರ್ಡ್ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ತೊಟ್ಟೆಯಲ್ಲೇ ಇತ್ತು! ಕೇಳಿದರೆ "ಅದೆಲ್ಲ ನಮಗೆ ಆಗುವುದಲ್ಲ ಮಗಾ" ಅಂದರು. ಗೊತ್ತಿಲ್ಲದ್ದಕ್ಕೆ ಹೀಗಾ, ಬೇರೆ ಕಾರಣ ಉಂಟಾ?

ಬದಿಯಡ್ಕದ ಅಕ್ಕ:
ಗೊತ್ತಿಲ್ಲ ಅಂತ ಸುಮ್ನೆ ಹೇಳಬೇಡ ತಂಗಿ. ಅವರಿಗೆ ಲೆಕ್ಕ ಚೆನ್ನಾಗಿ ಗೊತ್ತು. ನಾನು ಕುಟುಂಬಶ್ರೀ ಅಂತ ಹೆಂಗಸರ ಸ್ವಸಹಾಯ ಸಂಘದ ಕೆಲಸಕ್ಕೆ ಮನೆ ಮನೆ ಸುತ್ತಿದವಳು. ಕಾರ್ಡ್ ನಡೆಯುವುದು ಅಡ್ಮಿಟ್ ಆದರೆ ಮಾತ್ರ. ಅದಕ್ಕೆ ಮೊದಲಿನ 3 ದಿನ, ಡಿಸ್ಚಾರ್ಜ್ ಆದ ಮೇಲೆ 15 ದಿನದ ಮದ್ದು ಸೇರುತ್ತದೆ. ಆದರೆ ತಿಂಗಳುಗಟ್ಟಲೆ ತಿನ್ನುವ ಬಿಪಿ, ಶುಗರಿನ ಮಾತ್ರೆಗೆ ಈ ಕಾರ್ಡ್ ನಡೆಯುವುದಿಲ್ಲ. ಮತ್ತೆ ಗಂಡ ಮಲಗಿದರೆ ಹೆಂಡತಿ ಜೊತೆಗೆ ನಿಲ್ಲಬೇಕಲ್ಲ? ಅವನ ಕೂಲಿ ಹೋಯಿತು, ಇವಳ ಬೀಡಿಯೂ ನಿಂತಿತು. ತಂದ ಎಲೆ ಮೊರದಲ್ಲೇ ಒಣಗುತ್ತದೆ, ಎಲೆ ಕೊಟ್ಟ ಬೀಡಿ ಬ್ರಾಂಚಿನವರು ಲೆಕ್ಕ ಕೇಳುತ್ತಾರೆ. ಆ ನಷ್ಟವನ್ನು ಈ ಕಾರ್ಡ್ ಕೊಡುವುದಿಲ್ಲ. ಹಾಗಾಗಿ ಕಾಗದಪತ್ರ ಅಂತ ಒಂದು ದಿನ ಜಾಸ್ತಿ ಕಾಯುವುದಕ್ಕಿಂತ ಓಲೆ ಇಟ್ಟು ಬೇಗ ಮುಗಿಸುವುದೇ ಲೇಸು ಅನಿಸುತ್ತದೆ.

ಹೊಸಂಗಡಿ ಮಾವ:
ದೂರವೂ ಒಂದು ಕಾರಣ. ನಮ್ಮ ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಆದರೂ ನಮಗೆ ದೊಡ್ಡ ಕಾಯಿಲೆ ಅಂದರೆ ಈಗಲೂ ಮಂಗಳೂರೇ. ನಮ್ಮ ಕಾರ್ಡ್ ಸೇರಿರುವ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಒಂದು ರಾಜ್ಯದ ಕಾರ್ಡ್ ಇನ್ನೊಂದು ರಾಜ್ಯದಲ್ಲೂ ನಡೆಯಬೇಕು, ಆದರೆ ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿರಬೇಕು. ಇಲ್ಲದಿದ್ದರೆ ಪೂರ್ತಿ ಬಿಲ್ ನಮ್ಮ ತಲೆಗೆ. 2020ರಲ್ಲಿ ಕೊರೊನಾ ಅಂತ ತಲಪಾಡಿ ಗಡಿ ಮುಚ್ಚಿದಾಗಂತೂ ಆಂಬ್ಯುಲೆನ್ಸೇ ದಾಟಲಿಲ್ಲ, ಇನ್ನು ಕಾರ್ಡಿನ ಮಾತೆಲ್ಲಿ! ಫಾರ್ಮ್ ಮಲಯಾಳದಲ್ಲಿದ್ದರೆ ನನ್ನ ವಯಸ್ಸಿನವರು ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದ ಹುಡುಗನ ಮುಖ ನೋಡಿಕೊಂಡು ಕೂತುಕೊಳ್ಳಬೇಕು.

ಕುಂಬಳೆ ಬಾಡಿಗೆಮನೆ:
ನಿಮಗೆಲ್ಲ ಕಾರ್ಡಾದರೂ ಉಂಟು! ಫಲಾನುಭವಿಗಳನ್ನು ಆರಿಸಿದ್ದು 2011ರ ಸಾಮಾಜಿಕ-ಆರ್ಥಿಕ ಗಣತಿಯಿಂದ; ಅದರಲ್ಲಿ ಮನೆಯಲ್ಲಿ ಫ್ರಿಜ್ ಅಥವಾ ಬೈಕ್ ಇದ್ದರೆ ಹಳ್ಳಿಯವರು ಪಟ್ಟಿಯಿಂದ ಹೊರಗೆ. ತಮ್ಮ ಮೀನು ಮಾರಲು ತೆಗೆದ ಹಳೇ ಬೈಕ್ ನಮ್ಮನ್ನು ಶ್ರೀಮಂತರ ಸಾಲಿಗೆ ಸೇರಿಸಿತು. ಕೇರಳದಲ್ಲಿ ಬಡವರಿಗಿದ್ದ ಹಳೇ ಆರೋಗ್ಯ ವಿಮೆ ಆರ್‌ಎಸ್‌ಬಿವೈ ಕಾರ್ಡ್ ನವೀಕರಿಸುತ್ತಾ ಬಂದವರೂ ಒಳಗೆ ಬಂದರು. ಆ ನವೀಕರಣದ ಕ್ಯಾಂಪಿಗೆ ನಾವು ಹೋಗಲಿಲ್ಲ, ಮನೆಯವರೆಲ್ಲ ಮಂಗಳೂರಿನಲ್ಲಿ ಕೆಲಸದಲ್ಲಿದ್ದೆವು. ಕಾರ್ಡ್ ಬೇಕಾದವರಿಗೇ ಕ್ಯಾಂಪಿನ ದಿನ ರಜೆ ಸಿಗುವುದಿಲ್ಲ, ಅಲ್ವಾ?

ಪೆರ್ಲದವಳು:
ಆ ಅಕ್ಕನಿಗೆ ಇನ್ನೊಂದು ಆಪರೇಷನ್ ಹೇಳಿದ್ದಾರೆ, ಗರ್ಭಕೋಶದ್ದು. ಈ ಸಲ ಏನು ಮಾಡಲಿ?

ಬದಿಯಡ್ಕದ ಅಕ್ಕ:
ಅಡ್ಮಿಟ್ ಆಗುವ ಮೊದಲೇ ಕಾರ್ಡ್, ಆಧಾರ್, ರೇಷನ್ ಕಾರ್ಡ್ ಹಿಡಿದು ಆಸ್ಪತ್ರೆಯ ಯೋಜನೆ ಕೌಂಟರಿಗೆ ಹೋಗಿ. ಈ ಆಪರೇಷನ್ ಇಲ್ಲಿ ಕಾರ್ಡಿನಲ್ಲಿ ಆಗುತ್ತದಾ ಅಂತ ನೇರವಾಗಿ ಕೇಳಿ. ಕೆಲವು ಆಪರೇಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರ ಮಾಡಿಸಬೇಕಾಗುತ್ತದೆ. ಹೊರಡುವ ಮೊದಲು ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056ಕ್ಕೆ ಒಂದು ಕರೆ ಮಾಡಿಬಿಡು. ಜೊತೆಗೆ ನಿಲ್ಲಲು ಯಾರು ಬರುತ್ತಾರೆ ಅಂತ ಇವತ್ತೇ ನೋಡಿಕೊಳ್ಳಿ.