ಹಿತ್ತಿಲ ವರ್ಕ್‌ಶಾಪಿಗೆ ಯಾವ ಕ್ಯಾಡ್ ಹಾಕಿಕೊಳ್ಳಲಿ?

ನವನಗರ, ಹುಬ್ಬಳ್ಳಿ (ಕೇಳಿದವರು)

ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್ ಆಗಿದ್ದು ಹೋದ ವರ್ಷ ನಿವೃತ್ತನಾದೆ. ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ಒಂದು ವೈಸ್, ಒಂದು ಡ್ರಿಲ್ ಮಷಿನ್, ಸೆಕೆಂಡ್ ಹ್ಯಾಂಡ್ ಪುಟ್ಟ ಲೇತ್ ಇವೆ. ಮೊಮ್ಮಗನ ತಳ್ಳುಗಾಡಿಯಿಂದ ಹಿಡಿದು ನೆರೆಮನೆಯ ಗ್ರೈಂಡರಿನ ಹಿಡಿಕೆಯವರೆಗೆ ಏನಾದರೊಂದು ನಡೆದೇ ಇರುತ್ತದೆ. ನಕ್ಷೆಯನ್ನು ಇಂದಿಗೂ ಮಿನಿ ಡ್ರಾಫ್ಟರ್ ಕಟ್ಟಿಕೊಂಡು ಹಾಳೆಯ ಮೇಲೆಯೇ ತೆಗೆಯುತ್ತೇನೆ. ಆದರೆ ಲೇಸರ್ ಕಟಿಂಗಿನವರು ಹಾಳೆಯತ್ತ ಕಣ್ಣೆತ್ತಿಯೂ ನೋಡುವುದಿಲ್ಲ, "ಫೈಲ್ ತನ್ನಿರಿ" ಎನ್ನುತ್ತಾರೆ. ಹಾಗಾಗಿ ಕಂಪ್ಯೂಟರಿನಲ್ಲಿ ನಕ್ಷೆ ತೆಗೆಯುವ ಕ್ಯಾಡ್ ತಂತ್ರಾಂಶವೊಂದು ಬೇಕಾಗಿದೆ. ಮಗಳ ಹಳೆಯ ಲ್ಯಾಪ್‌ಟಾಪ್ ಇದೆ, 8 ಜಿಬಿ ರ‍್ಯಾಮ್. ಒಮ್ಮೆ ಮೂರು ನಾಲ್ಕು ಸಾವಿರ ಹೋದರೆ ಹೋಗಲಿ, ವರ್ಷ ವರ್ಷ ಬಾಡಿಗೆ ಕಟ್ಟುವ ಗೋಜು ಮಾತ್ರ ಬೇಡ. ಬಳಸಿ ನೋಡಿದವರು ಹೇಳಿ.

ಸಪ್ತಾಪುರ, ಧಾರವಾಡ

ಕಾಕಾ, ಟಿಂಕರ್‌ಕ್ಯಾಡ್‌ನಿಂದ ಶುರು ಮಾಡಿ. ದುಡ್ಡಿಲ್ಲ, ಬ್ರೌಸರಿನಲ್ಲೇ ನಡೆಯುತ್ತದೆ, ನನ್ನ ತಂಗಿ ಎಂಟನೆಯ ತರಗತಿಯಲ್ಲೇ ಕಲಿತಳು. ಡಬ್ಬಿ, ಕೊಳವೆಗಳನ್ನು ಕೂಡಿಸಿ ಕಳೆದು ವಸ್ತು ಮಾಡುವುದು ಅಷ್ಟೇ.

ಉಣಕಲ್, ಹುಬ್ಬಳ್ಳಿ

ಎಂಟನೆಯ ತರಗತಿಗೆ ಅದು ಸರಿ. ಜೀವನವಿಡೀ ವರ್ನಿಯರ್ ಹಿಡಿದವರ ಕೈಗೆ ಕೊಟ್ಟರೆ ಎರಡನೆಯ ದಿನಕ್ಕೇ ಬೇಸರ ಬರುತ್ತದೆ.

ಸರ್, ಸಾಫ್ಟ್‌ವೇರಿನ ಹೆಸರು ಆಮೇಲೆ ನೋಡೋಣ. ಮೊದಲು ನಿಮ್ಮ ಕೆಲಸ ಕತ್ತರಿಸಿಕೊಡುವವರ ಹತ್ತಿರ ಹೋಗಿ, ಯಾವ ಫೈಲ್ ಬೇಕು, ಯಾವ ಆವೃತ್ತಿ, ಮಿಲಿಮೀಟರೋ ಇಂಚೋ ಎಂದು ಕೇಳಿ. ಹತ್ತರಲ್ಲಿ ಒಂಬತ್ತು ಮಂದಿ ಡಿಎಕ್ಸ್‌ಎಫ್ ಎನ್ನುತ್ತಾರೆ. ಆಟೋಕ್ಯಾಡ್ ಎಂಬ ನಕ್ಷೆಯ ತಂತ್ರಾಂಶ 1982ರಲ್ಲಿ ಬಂದಾಗ ಅದರ ಜೊತೆಗೇ ಹುಟ್ಟಿದ ಫೈಲ್ ಅದು, ಈಗ ಎಲ್ಲರ ಮನೆಯ ಮಾತು. ನಾನು ಇದನ್ನು ಕೇಳದೆ ಕೈ ಸುಟ್ಟುಕೊಂಡೆ. ಎಂಟು ಇಂಚಿನ ತಟ್ಟೆಯೊಂದನ್ನು ಇಂಚಿನಲ್ಲೇ ಬರೆದು ಕಳಿಸಿದ್ದೆ. ಅವರ ಯಂತ್ರ ಅದನ್ನು ಮಿಲಿಮೀಟರ್ ಎಂದು ಓದಿತು. ಹುಡುಗ ಫೋನ್ ಮಾಡಿ, "ಸರ್, ಇದೇನು ಅಂಗಿಗೆ ಗುಂಡಿ ಮಾಡಿಸುತ್ತೀರಾ?" ಎಂದ. ಪುಣ್ಯಕ್ಕೆ ಕತ್ತರಿಸುವ ಮೊದಲೇ ಕೇಳಿದ. ಅಂದಿನಿಂದ ಪ್ರತಿ ಫೈಲಿನ ಮೂಲೆಯಲ್ಲೂ ಕತ್ತರಿಸಬಾರದ ಬೇರೆ ಪದರದಲ್ಲಿ (ಲೇಯರ್) 100 ಮಿಮೀ ಗೆರೆಯೊಂದನ್ನು ಎಳೆದಿಡುತ್ತೇನೆ. ಅದನ್ನು ಅಳೆದರೆ ಸಾಕು, ಅಳತೆ ಸರಿಯೋ ತಪ್ಪೋ ಗೊತ್ತಾಗುತ್ತದೆ.

ಇನ್ನು ಹೆಸರು. ನಾನು ನಾಲ್ಕು ವರ್ಷದಿಂದ ಫ್ರೀಕ್ಯಾಡ್ ಬಳಸುತ್ತಿದ್ದೇನೆ. ಪೂರ್ತಿ ಉಚಿತ, ಇಂಟರ್ನೆಟ್ ಬೇಡ, ಫೈಲ್ ನಿಮ್ಮ ಡಿಸ್ಕಿನಲ್ಲೇ ಇರುತ್ತದೆ. ಸಣ್ಣ ಕೆಲಸಕ್ಕೆ ನಿಮ್ಮ ಲ್ಯಾಪ್‌ಟಾಪ್ ಧಾರಾಳ. ಮೊದಲ ತಿಂಗಳು ಬೈದುಕೊಳ್ಳುತ್ತೀರಿ, ಅದನ್ನು ಮುಚ್ಚಿಡುವುದಿಲ್ಲ. ವರ್ಕ್‌ಬೆಂಚ್ ಎಂಬ ಹೆಸರಿನ ಕೋಣೆಗಳು ಹತ್ತಾರು, ಬೇಕಾದ ಬಟನ್ ಯಾವ ಕೋಣೆಯಲ್ಲಿದೆ ಎಂದು ಹುಡುಕುವುದರಲ್ಲೇ ಸಂಜೆಯಾಗುತ್ತದೆ. ನಿಮಗೆ ಬೇಕಾಗುವುದು ಮೂರೇ: ಗೆರೆ ಎಳೆಯಲು ಸ್ಕೆಚರ್, ಅದರಿಂದ ವಸ್ತು ಮಾಡಲು ಪಾರ್ಟ್ ಡಿಸೈನ್, ಅದರ ನಕ್ಷೆ ಹಾಳೆಗೆ ತೆಗೆಯಲು ಟೆಕ್‌ಡ್ರಾ. ಉಳಿದವುಗಳ ಕಡೆ ತಲೆ ಹಾಕಬೇಡಿ.

ಸ್ಕೆಚರ್ ಮಾತ್ರ ನಿಮಗೆ ಹಿಡಿಸುತ್ತದೆ. ಗೆರೆ ಎಳೆದ ಮೇಲೆ ಅಳತೆ ಕೊಡುತ್ತ ಹೋಗಬೇಕು. ಇನ್ನೂ ಎಷ್ಟು ಅಳತೆ ಬಾಕಿ ಎಂದು ಅದೇ ಲೆಕ್ಕ ಹೇಳುತ್ತದೆ. ಎಲ್ಲವೂ ಬಿಗಿಯಾದ ಕ್ಷಣ ನಕ್ಷೆ ಹಸಿರು ಬಣ್ಣಕ್ಕೆ ತಿರುಗುತ್ತದೆ. ಒಂದು ಅಳತೆ ಬಿಟ್ಟರೂ ನಕ್ಷೆಯನ್ನು ವಾಪಸ್ ಕಳಿಸುವ ಹಳೆಯ ಫೋರ್‌ಮನ್ ಮೇಜಿನ ಎದುರು ಕುಳಿತಂತೆ. ಟೆಕ್‌ಡ್ರಾದಲ್ಲಿ ವಸ್ತುವಿನ ನೋಟಗಳನ್ನು ಹಾಳೆಯ ಮೇಲೆ ಜೋಡಿಸುವ ನಮ್ಮ ಪದ್ಧತಿಯಾದ ಫಸ್ಟ್ ಆಂಗಲ್ ಪ್ರೊಜೆಕ್ಷನ್ ಆರಿಸಿಕೊಳ್ಳಬಹುದು, ಹಾಗಾಗಿ ಐಟಿಐಯಲ್ಲಿ ಕಲಿತದ್ದನ್ನು ತಿರುಗುಮುರುಗು ಮಾಡಿಕೊಳ್ಳಬೇಕಿಲ್ಲ. ಅಮೆರಿಕದ ವಿಡಿಯೊ ನೋಡಿ ಕಲಿತ ಹುಡುಗರು ನೋಟಗಳ ಜಾಗ ಅದಲುಬದಲಾಗಿರುವ ಥರ್ಡ್ ಆಂಗಲ್‌ನಲ್ಲಿ ತಂದುಕೊಟ್ಟ ನಕ್ಷೆಯಿಂದ ಬ್ರಾಕೆಟ್ ಎಡಬಲ ತಿರುವಾಗಿ ಬಂದದ್ದನ್ನು ನಾನೇ ಕಂಡಿದ್ದೇನೆ.

1.0 ಆವೃತ್ತಿಯೋ ಅದಕ್ಕಿಂತ ಹೊಸದೋ ಮಾತ್ರ ಹಾಕಿಕೊಳ್ಳಿ. 2002ರಲ್ಲಿ ಹೊರಬಂದ ತಂತ್ರಾಂಶ, 1.0 ಎನಿಸಿಕೊಳ್ಳಲು 2024ರ ನವೆಂಬರ್ ಬರಬೇಕಾಯಿತು. ಹಳೆಯದರಲ್ಲಿ ತಳದ ಒಂದು ಅಳತೆ ತಿದ್ದಿದರೆ ಮೇಲಿನ ರಂಧ್ರಗಳು ಬೇರೆ ಮುಖಕ್ಕೆ ಹಾರಿ ಹೋಗುತ್ತಿದ್ದವು. ಆ ಕಾಟ ಈಗ ಬಹಳ ಮಟ್ಟಿಗೆ ಇಳಿದಿದೆ.

ವಿದ್ಯಾಗಿರಿ, ಧಾರವಾಡ

ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವವನು ನಾನು, ಸ್ವಲ್ಪ ಎದುರು ಮಾತಾಡುತ್ತೇನೆ. ಉಚಿತವಾಗಿ ಸಿಗುವುದರಲ್ಲಿ ಕೈಗೆ ನಯವಾಗಿ ಓಡುವುದು ಫ್ಯೂಷನ್ ಎಂಬ ಕ್ಯಾಡ್‌ನ ವೈಯಕ್ತಿಕ ಲೈಸೆನ್ಸ್. ಫ್ರೀಕ್ಯಾಡ್‌ನಲ್ಲಿ ಒಂದು ವಾರ ಹಿಡಿಯುವುದನ್ನು ನನ್ನ ಹುಡುಗರು ಇಲ್ಲಿ ಎರಡು ಮಧ್ಯಾಹ್ನದಲ್ಲಿ ಕಲಿಯುತ್ತಾರೆ. ಕಟ್ಟುಪಾಡುಗಳಿವೆ: ಒಮ್ಮೆಗೆ ಹತ್ತು ಕಡತಗಳನ್ನಷ್ಟೇ ತಿದ್ದಲು ಬಿಡುತ್ತದೆ, ಹನ್ನೊಂದನೆಯದು ಬೇಕಾದರೆ ಒಂದನ್ನು ಕಪಾಟಿಗೆ ಸೇರಿಸಬೇಕು. ಅದರಿಂದ ವರ್ಷಕ್ಕೆ ಸಾವಿರ ಡಾಲರ್ ಮುಟ್ಟುವಷ್ಟು ದುಡಿಯುವಂತಿಲ್ಲ. ನಮ್ಮಂಥ ಹವ್ಯಾಸಿಗಳಿಗೆ ಇದರಿಂದ ನಷ್ಟವೇನು?

ಉಣಕಲ್, ಹುಬ್ಬಳ್ಳಿ

ನಷ್ಟ ಇಂದಿನ ಕಟ್ಟುಪಾಡಿನದಲ್ಲ ಸರ್, ನಾಳೆಯದು. ಆ ಹತ್ತರ ಮಿತಿ ಮೊದಲು ಇರಲೇ ಇಲ್ಲ. ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರ) ಇಟ್ಟುಕೊಂಡ ನನ್ನ ಸ್ನೇಹಿತನ ಯಂತ್ರ 2020ರ ಅಕ್ಟೋಬರ್‌ವರೆಗೆ ಒಂದು ಕಡೆ ಕೊರೆದು ಇನ್ನೊಂದು ಕಡೆಗೆ ಸರ್ರನೆ ಹೋಗುತ್ತಿತ್ತು. ಆಮೇಲೆ ಉಚಿತ ಲೈಸೆನ್ಸಿನಿಂದ ಆ ವೇಗದ ನಡಿಗೆಯನ್ನು ತೆಗೆದರು, ಖಾಲಿ ಗಾಳಿಯಲ್ಲೂ ಕತ್ತರಿಸುವ ವೇಗದಲ್ಲೇ ತೆವಳುತ್ತದೆ. ಕೊಟ್ಟವರು ಅವರು, ಕಿತ್ತುಕೊಂಡವರೂ ಅವರೇ.

ವಿದ್ಯಾಗಿರಿ, ಧಾರವಾಡ

ಅದು ನಿಜ, ಒಪ್ಪಿದೆ. ಆದರೂ ಕಲಿಯಲು ಸುಲಭ ಎಂಬ ನನ್ನ ಮಾತು ನಿಂತೇ ಇದೆ. ಮಗಳ ಕಾಲೇಜಿನ ವಿದ್ಯಾರ್ಥಿ ಲೈಸೆನ್ಸ್ ಇದೆಯಲ್ಲ ಎಂದು ಯಾರಾದರೂ ಹೇಳಿದರೆ ಮಾತ್ರ ಕೇಳಬೇಡಿ, ಅದು ಓದುವವರಿಗೆ ಮಾತ್ರ ಸಲ್ಲುತ್ತದೆ. ಬ್ರೌಸರಿನಲ್ಲೇ ನಡೆಯುವ ಇನ್ನೊಂದು ಕ್ಯಾಡ್ ಆನ್‌ಶೇಪ್‌ನ ಉಚಿತ ಖಾತೆಯಲ್ಲಿ ನೀವು ಬರೆದ ಪ್ರತಿ ನಕ್ಷೆಯೂ ಊರೆಲ್ಲ ನೋಡುವಂತೆ ತೆರೆದಿರುತ್ತದೆ. ತಳ್ಳುಗಾಡಿಗೆ ಅಡ್ಡಿಯಿಲ್ಲ, ಯಾರದೋ ಯಂತ್ರದ ಬಿಡಿಭಾಗ ಅಳೆದು ಬರೆಯುವಾಗ ನೆನಪಿರಲಿ.

ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಇಷ್ಟೆಲ್ಲ ಮೂರು ಆಯಾಮ ನನಗೆ ಬೇಕಾಗಿಯೇ ಇಲ್ಲ. ತಗಡು, ಅಕ್ರಿಲಿಕ್, ಪ್ಲೈವುಡ್ ಕತ್ತರಿಸಲು ಎರಡೇ ಆಯಾಮದ, ಉಚಿತ ಲಿಬ್ರೆಕ್ಯಾಡ್ ಸಾಕು. ಹಾಳೆಯ ಮೇಲೆ ಬರೆದು ರೂಢಿ ಇದ್ದವರಿಗೆ ಇದೇ ಹತ್ತಿರದ ದಾರಿ, ನನ್ನ ಹತ್ತು ವರ್ಷದ ಹಳೆಯ ಕಂಪ್ಯೂಟರಿನಲ್ಲೂ ಗೊಣಗದೆ ಓಡುತ್ತದೆ. ಹೋದ ಮುಂಗಾರಿನಲ್ಲಿ ಬಿತ್ತನೆ ಯಂತ್ರದ ಬೀಜದ ತಟ್ಟೆ ಸೀಳಿತು. ಗೋವಿನಜೋಳಕ್ಕೆ 24 ತೂತಿನ ತಟ್ಟೆ. ಒಂದು ತೂತು ಬರೆದು, ನಡುವಿನ ಬಿಂದು ಹಿಡಿದು 15 ಡಿಗ್ರಿಯಂತೆ 23 ಪ್ರತಿ ತಿರುಗಿಸಿದೆ. ಬರೆಯಲು ಕಾಲು ಗಂಟೆ, ಅಕ್ಕಿಆಲೂರಿನ ಸಂಬಂಧಿಕರ ಯಂತ್ರಕ್ಕೂ ಇನ್ನೊಂದು ತಟ್ಟೆ ಅದೇ ಫೈಲಿನಿಂದ ಆಯಿತು.

ಒಂದು ಕಿವಿಮಾತು. ಗೆರೆಯ ಮೇಲೆ ಗೆರೆ ಬಿದ್ದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಲೇಸರ್ ಮಾತ್ರ ಎರಡು ಸಲ ಸುಡುತ್ತದೆ. ಕಳಿಸುವ ಮೊದಲು ಒಂದೊಂದೇ ಗೆರೆ ಅಳಿಸಿ ನೋಡಿ. ಅಡಿಯಲ್ಲಿ ಇನ್ನೊಂದು ಕಂಡರೆ ಅದೇ ಕಳ್ಳ.

ಬೆಟಗೇರಿ, ಗದಗ

ಯಾರೂ ಕನ್ನಡ ಅಕ್ಷರದ ಮಾತೇ ಎತ್ತಲಿಲ್ಲವಲ್ಲ! ನಾನು ಕಲಿತದ್ದೇ ಮನೆಯ ನಾಮಫಲಕ ಮಾಡಲು. "ಶ್ರೀ ವೀರಭದ್ರೇಶ್ವರ ಕೃಪಾ" ಎಂದು ಫ್ರೀಕ್ಯಾಡ್‌ನಲ್ಲಿ ಹಾಕಿದೆ. ಒತ್ತಕ್ಷರಗಳೆಲ್ಲ ಜಗಳವಾಡಿ ಬೇರೆ ಬೇರೆ ನಿಂತವು. ದ ಒಂದು ಕಡೆ, ರಕಾರ ಒಂದು ಕಡೆ, ಕೃಪೆಯ ವಟ್ರಸುಳಿ ದೂರದಲ್ಲಿ ಅನಾಥ. ಅದು ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತದೆಯೇ ಹೊರತು ಕೂಡಿಸುವುದಿಲ್ಲ. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದರೆ ಸರಿಯಾಗಿ ಕೂಡುತ್ತದೆ. ಅದೂ ಉಚಿತವೇ. ಅಲ್ಲಿ ಅಕ್ಷರವನ್ನು ಗೆರೆಯ ಆಕಾರವಾಗಿ ಬದಲಿಸಿ, ಆಮೇಲೆ ಡಿಎಕ್ಸ್‌ಎಫ್ ಮಾಡಿ. ಬೋರ್ಡ್ ಬರೆಯುವ ಹಳಬರು ಯುನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರ ಬಿಡದಿರುವುದಕ್ಕೂ ಇದೇ ಕಾರಣ, ತಂತ್ರಾಂಶ ಅದನ್ನು ಇಂಗ್ಲಿಷ್ ಅಕ್ಷರವೆಂದೇ ತಿಳಿದು ತೆಪ್ಪಗಿರುತ್ತದೆ.

ಅಷ್ಟಾದರೂ ನನ್ನ ಮೊದಲ ಫಲಕ ಹಾಳಾಯಿತು. ತಗಡನ್ನು ಆರಪಾರ ಕೊರೆಸಿದ್ದೆ, ರಕಾರದ ಹೊಟ್ಟೆ ಉದುರಿ ನೆಲಕ್ಕೆ ಬಿತ್ತು. ಒಳಗೆ ತುಂಡು ಉಳಿಯುವ ಅಕ್ಷರಕ್ಕೆಲ್ಲ ಒಂದೂವರೆ ಮಿಲಿಮೀಟರ್ ಸೇತುವೆ ಬಿಡಬೇಕು ಎಂದು ಎರಡನೆಯ ತಗಡಿನ ದುಡ್ಡು ಕೊಟ್ಟು ಕಲಿತೆ.

ಕೇಶ್ವಾಪುರ, ಹುಬ್ಬಳ್ಳಿ

ನಕಲಿ ಆಟೋಕ್ಯಾಡ್ ಹಾಕಿಕೊಡುವವರು ಸಿಗುತ್ತಾರೆ, ಹೋಗಬೇಡಿ. ನನಗೆ ಒಬ್ಬರು ಹಾಕಿಕೊಟ್ಟರು, ಜೊತೆಗೆ ವೈರಸ್ಸನ್ನೂ. ಮಗನ ಮದುವೆಯ ಫೋಟೊಗಳು ಹೋದವು. ಮನೆಯಲ್ಲಿ ಇಂದಿಗೂ ಮಾತು ಕೇಳುತ್ತಿದ್ದೇನೆ. ಮತ್ತೆ, ಚಕ್ರವಿರುವ ಮೌಸ್ ಕೊಳ್ಳಿ. ಟಚ್‌ಪ್ಯಾಡಿನಲ್ಲಿ ಕ್ಯಾಡ್ ಎಂದರೆ ಕೈಗವಸು ಹಾಕಿ ಸೂಜಿಗೆ ದಾರ ಪೋಣಿಸಿದ ಹಾಗೆ.

ನವನಗರ, ಹುಬ್ಬಳ್ಳಿ (ಕೇಳಿದವರು)

ಎಲ್ಲರಿಗೂ ಶರಣು. ಕಟಿಂಗಿನವರಲ್ಲಿಗೆ ಹೋಗಿ ಕೇಳಿದೆ: ಡಿಎಕ್ಸ್‌ಎಫ್, ಆರ್12 ಆವೃತ್ತಿ, ಮಿಲಿಮೀಟರ್. ರಾಣೆಬೆನ್ನೂರಿನವರ ಮಾತಿನಂತೆ ಲಿಬ್ರೆಕ್ಯಾಡ್ ಹಾಕಿದೆ, ಮೂರನೆಯ ದಿನಕ್ಕೆ ಕೈ ಹತ್ತಿತು. ಫ್ರೀಕ್ಯಾಡ್ ಕೂಡ ಇಳಿಸಿಟ್ಟಿದ್ದೇನೆ, ಲೇತಿನ ಕೆಲಸಕ್ಕೆ ಮಳೆಗಾಲದಲ್ಲಿ ನಿಧಾನವಾಗಿ ಕಲಿಯುವೆ. ಖರ್ಚು ಮೌಸಿನದಷ್ಟೇ, 350 ರೂಪಾಯಿ.

ಪರೀಕ್ಷೆಗೆಂದು ಅಕ್ರಿಲಿಕ್‌ನಲ್ಲಿ 100 ಮಿಮೀ ಚೌಕ, ನಡುವೆ 10 ಮಿಮೀ ತೂತು ಕತ್ತರಿಸಿಸಿದೆ. ಮನೆಗೆ ತಂದು ವರ್ನಿಯರ್ ಹಿಡಿದರೆ ಚೌಕ 99.8, ತೂತು 10.2. ನಕ್ಷೆಯಲ್ಲಿ ತಪ್ಪಿಲ್ಲ, ಕಿರಣದ ಅಗಲವೇ ತಿಂದದ್ದು ಎಂದು ಹುಡುಗ ಹೇಳಿದ. ಹಾಗಾದರೆ 10 ಮಿಮೀ ಶಾಫ್ಟಿಗೆ ತೂತನ್ನು 9.8 ಎಂದು ಬರೆಯಬೇಕೋ, ಅಥವಾ ಅದನ್ನು ಅವರ ಯಂತ್ರಕ್ಕೇ ಬಿಡಬೇಕೋ? ಎರಡೂ ಕಡೆ ಕಳೆದರೆ ಶಾಫ್ಟ್ ಒಳಗೇ ಹೋಗುವುದಿಲ್ಲವಲ್ಲ.